ಗಿಡ್ಡ ಕಾಲಿನ ಮೇಜು

ಜಾಗವೆಂದರೆ ಎಷ್ಟು? ಬೀಡಿ ಕತ್ತರಿಯಲ್ಲಿ ಅಳೆದರೆ
ಉದ್ದ ಒಂಬತ್ತು ಕತ್ತರಿ, ಅಗಲ ಆರು.
ಅಡುಗೆಮನೆಗೆ ತಿರುಗುವಲ್ಲಿ, ಕಿಟಕಿಯ ಬುಡ,
ಮೊನ್ನೆಯ ತನಕ ಗ್ಯಾಸಿನ ಸಿಲಿಂಡರ್ ಕೂತಿದ್ದ ಮೂಲೆ.
ಅದನ್ನು ಹೊರಗೆ ಉರುಳಿಸಿ ನೆಲ ಉಜ್ಜಿದೆ.
ತುಕ್ಕಿನ ಉಂಗುರ ಮಾತ್ರ ಹೋಗಲಿಲ್ಲ.

"ಅಲ್ಲಿ ಎಂತ ಮಾಡ್ತಿ?" ಕೇಳಿದರು ಇವರು.
"ಕಾಗದ ಅಂಟಿಸ್ತೇನೆ."
"ಎಂತಕ್ಕೆ?"
"ಪುಸ್ತಕಕ್ಕೆ."
"ಯಾವ ಪುಸ್ತಕ?"
"ಇನ್ನೂ ಆಗಲಿಲ್ಲ."
ಮತ್ತೆ ಕೇಳಲಿಲ್ಲ. ಲುಂಗಿ ಎತ್ತಿ ಕಟ್ಟಿ
ಮೇಜಿನ ಒಂದು ಬದಿ ಹಿಡಿದರು.

ಮೇಜು ಬಂದ್ಯೋಡಿನ ಗುಜರಿಯದ್ದು, ನೂರಿಪ್ಪತ್ತು ರೂಪಾಯಿ.
ಯಾವುದೋ ಬಾಲವಾಡಿಯದ್ದಿರಬೇಕು:
ಹಲಗೆಯ ಅಡಿಯಲ್ಲಿ, ಯಾರೂ ನೋಡದಲ್ಲಿ,
ಚಾಕಿನಲ್ಲಿ ಒಂದು ಸೂರ್ಯ, ಏಳು ಕಿರಣ.
ಅದನ್ನು ಒರಸಲಿಲ್ಲ.
ಒಂದು ಕಾಲು ಗಿಡ್ಡ, ಕೆಳಗೊಂದು ಮೊಳೆ ಬೇರೆ.
ಕೈಗೆ ಸಿಕ್ಕಿದ ಕಾಗದ ಎಂಟು ಪದರ ಮಡಿಚಿ ತುರುಕಿದೆ.
ನಿಂತಿತು.

ಇದೆಲ್ಲ ಶುರುವಾದದ್ದು ತಂಗಿಯ ಮೊಮ್ಮಗಳಿಂದ.
ಮಾನ್ವಿಯ ಶಾಲೆಗೆ ನಲ್ವತ್ತು ಕಾಗದದ ಎಲೆ ಬೇಕಿತ್ತು.
ಅವಳು ಪೆನ್ಸಿಲ್ ಚೂಪು ಮಾಡಿ ಬರುವಷ್ಟರಲ್ಲಿ
ನಲ್ವತ್ತೂ ಬಿದ್ದಿದ್ದವು, ಒಂದರ ಹಾಗೆ ಒಂದು.
ಮೆಷಿನಿನಲ್ಲಿ ಕತ್ತರಿಸಿದ್ದಾ, ಕೇಳಿದರಂತೆ ಟೀಚರು.
ಹೌದಲ್ಲ, ಮೆಷಿನೇ.
ಮೂವತ್ತೊಂದು ವರ್ಷ, ದಿನಕ್ಕೆ ಎಂಟುನೂರು,
ಬೆರಳಿಗೆ ನಿಲ್ಲಿಸು ಅಂತ ಯಾರೂ ಹೇಳಿರಲಿಲ್ಲ.

ತಡ್ಪೆ ಈಗ ತೊಡೆಯಿಂದ ಮೇಜಿಗೆ ಹತ್ತಿದೆ.
ಅದರಲ್ಲಿ ಮದುವೆ ಕಾಗದಗಳ ಚಿನ್ನದ ಗಣಪತಿಗಳು,
ಸಾಬೂನಿನ ಹೊದಿಕೆ, ಉಪ್ಪಳದ ಬಸ್ಸು ಟಿಕೇಟು,
ಹೊಸ ಅಂಗಿಯ ಕಾಲರಿನಿಂದ ತೆಗೆದ ರಟ್ಟು.
ಸಂದಿಯಲ್ಲಿ ಇನ್ನೂ ಹೊಗೆಸೊಪ್ಪಿನ ಪುಡಿ ಉಂಟು.
ಬಾಗಿದರೆ ಸೀನು, ಸೀನಿದರೆ ಗಣಪತಿಗಳೆಲ್ಲ ನೆಲಕ್ಕೆ.

ಬೀಫಾತುಮ್ಮ ಬೇಲಿಯ ಮೇಲಿಂದ ಕೊಟ್ಟಳು
ಶಾರ್ಜಾದ ಹಾಲುಪುಡಿಯ ಡಬ್ಬಿ ನಾಲ್ಕು:
ಒಂದರಲ್ಲಿ ಕತ್ತರಿ, ಒಂದರಲ್ಲಿ ಕುಂಚ,
ಒಂದರಲ್ಲಿ ಗುಂಡಿಗಳು. ನಾಲ್ಕನೆಯದರಲ್ಲಿ ಮೊದಲೇ ಇತ್ತು
ಅವಳು ಟೊಪ್ಪಿ ಹೊಲಿಯುತ್ತಿದ್ದ ಕಾಲದ ಬಿಳಿ ನೂಲು.
"ನನಗೀಗ ಸೂಜಿಯ ಕಣ್ಣು ಕಾಣುವುದಿಲ್ಲ,
ನೀನು ಹೂವೋ ಎಂತದೋ ಮಾಡು."

ಅಂಟು ಮೈದಾದ್ದು. ಗಂಜಿಯ ಹಾಗೆ ಕಾಯಿಸಬೇಕು,
ಹುಳ ಬರದ ಹಾಗೆ ಚಿಟಿಕೆ ಮೈಲುತುತ್ತು.
ಆ ಪಾತ್ರೆಗೆ ಕೆಂಪು ದಾರ ಕಟ್ಟಿದ್ದೇನೆ,
ಇವರು ಮರೆತು ಅದರಲ್ಲಿ ಚಾ ಮಾಡಬಾರದಲ್ಲ.

ಎಲ್ಲ ಆಯಿತು. ಮೊದಲ ಪುಟ ನಾಲ್ಕು ದಿನ ಖಾಲಿ.
ಫೋಟೋ ಇಟ್ಟು ನೋಡಿದೆ, ತೆಗೆದೆ.
ಟಿಕೇಟು ಇಟ್ಟು ನೋಡಿದೆ, ತೆಗೆದೆ.
ಐದನೆಯ ದಿನ, ಅಕ್ಕಿ ತೊಳೆಯುತ್ತಿದ್ದಾಗ ಹೊಳೆಯಿತು:
ನೋಟಿಸು! ಬ್ರಾಂಚ್ ಮುಚ್ಚಿದ ದಿನ
ಎಲ್ಲರ ಕೈಗೂ ಒಂದೊಂದು ಕೊಟ್ಟಿದ್ದರಲ್ಲ.
ಕಪಾಟಿನಲ್ಲಿಲ್ಲ. ಟ್ರಂಕಿನಲ್ಲಿಲ್ಲ. ದೇವರ ಪಟದ ಹಿಂದೆಯೂ ಇಲ್ಲ.
ಹುಡುಕಿ ಸಾಕಾಗಿ ಮೇಜಿಗೆ ಕೈಯೂರಿದೆ.
ಆಗ ಗೊತ್ತಾಯಿತು.

ಎಳೆದೆ. ಪದರ ಪದರ ಬಿಡಿಸಿದೆ.
ಮೇಲೆ ಕನ್ನಡ, ಕೆಳಗೆ ಮಲಯಾಳ, ನಡುವೆ ನೀಲಿ ಮೊಹರು,
ಮತ್ತೆ ಮೊಳೆ ಕಚ್ಚಿದ ಎಂಟು ತೂತು,
ಗೂಡುದೀಪಕ್ಕೆ ಬೇಕೆಂದೇ ಕೊರೆದ ಹಾಗೆ.
"ಇನ್ನು ಮುಂದೆ" ಇದ್ದಲ್ಲಿ ಒಂದು ತೂತು,
ನನ್ನ ಹೆಸರಿನ "ಲೋ" ಹೋಗಿ ಬರೇ "ಲಾಕ್ಷಿ".
ಸಿಟ್ಟು ಬರಬೇಕಿತ್ತು. ನಗು ಬಂತು.
ಹಿಂದಿನಿಂದ ಮಿಠಾಯಿ ಪೆಟ್ಟಿಗೆಯ ಗುಲಾಬಿ ಕಾಗದ ಇಟ್ಟೆ,
ಎಂಟೂ ಕಡೆ ಬಣ್ಣ ಹತ್ತಿತು.

ಅಂಟು ಬಳಿದು ಪುಟಕ್ಕೆ ಇಳಿಸುವ ಹೊತ್ತಿಗೇ
ಮಂಗಳೂರಿನ ರೈಲು. ಆಸರೆಯಿಲ್ಲದ ಮೇಜು ಕುಣಿಯಿತು.
ನೋಟಿಸು ಸೊಟ್ಟಗೇ ಕೂತಿತು.

"ಏ, ಇಲ್ಲಿ ಬನ್ನಿ!" ಕರೆದೆ.
ಬಂದವರು ಪುಟ ನೋಡಿದರು, ನನ್ನನ್ನು ನೋಡಿದರು,
ಗಿಡ್ಡ ಕಾಲಿನ ಅಡಿಗೆ ಚಪ್ಪಲಿಯ ತುದಿ ಕೊಟ್ಟು ನಿಂತರು.
"ಎಷ್ಟು ಹೊತ್ತು?"
"ಒಣಗುವವರೆಗೆ."